ಪ್ರವೇಶ ಉಚಿತ, ಸರಿ. ಆದರೆ ಪ್ರವೇಶ ಎಲ್ಲಿಂದ?

ಉಡುಪಿ, ಮಣಿಪಾಲ ಕಡೆಯ ಯಾವುದಾದರೂ ನಾಟಕದ್ದೋ ಯಕ್ಷಗಾನದ್ದೋ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಅಂತ ಅರ್ಧ ಪುಟ ಹೆಸರುಗಳು. ಕೊನೆಯಲ್ಲಿ, ‘ಸರ್ವರಿಗೂ ಆದರದ ಸ್ವಾಗತ, ಪ್ರವೇಶ ಉಚಿತ’. ಗಾಲಿಕುರ್ಚಿ ಒಳಗೆ ಹೋಗುತ್ತಾ, ಶೌಚಾಲಯ ಯಾವ ಮಹಡಿಯಲ್ಲಿದೆ, ಎಷ್ಟು ಗಂಟೆಗೆ ಮುಗಿಯುತ್ತೆ, ಆಮೇಲೆ ಕಾರ್ಕಳಕ್ಕೆ ಬಸ್ ಇರುತ್ತಾ? ಇವುಗಳಿಗೆ ಉತ್ತರ ಇರೋದು ಬಹಳ ಅಪರೂಪ.

ಆ ‘ಸರ್ವರು’ ಯಾರು ಅನ್ನೋದೇ ಇಲ್ಲಿನ ಪ್ರಶ್ನೆ. ಕಾಲೇಜು, ವಿಶ್ವವಿದ್ಯಾಲಯಗಳ ಕಲಾಕಟ್ಟಡಕ್ಕೆ ಬರುವ ಹೊರಗಿನ ಪ್ರೇಕ್ಷಕರಿಗೆ ಏನೇನು ಇರಬೇಕು, ಕಾನೂನು ಏನು ಹೇಳುತ್ತೆ, ಇಲ್ಲದಿದ್ದರೆ ಯಾರನ್ನು ಕೇಳಬೇಕು? ಒಂದೊಂದಾಗಿ ನೋಡೋಣ.

ಇಲ್ಲಿ ಇರುವುದು ಏನೇನು?

ಇಂಜಿನಿಯರಿಂಗ್, ಮೆಡಿಕಲ್ ಎಂದು ಹೆಸರಾದ ಮಣಿಪಾಲದಲ್ಲಿ ಕಲೆ, ಮಾನವಿಕ ವಿಷಯಗಳಿಗೂ ಜಾಗವಿದೆ. 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮಾಹೆಯ ಮಾನವಿಕ ಕೇಂದ್ರ ಅಲೆವೂರು ರಸ್ತೆಯ ಡಾ. ಟಿ.ಎಂ.ಎ. ಪೈ ತಾರಾಲಯ ಸಂಕೀರ್ಣದಲ್ಲಿ ಬೆಳೆಯಿತು. ಇಂದ್ರಾಳಿಯ ಯಕ್ಷಗಾನ ಕೇಂದ್ರ 1970ರ ದಶಕದ ಆರಂಭದ್ದು. ಕು.ಶಿ. ಹರಿದಾಸ ಭಟ್ಟರು, ಶಿವರಾಮ ಕಾರಂತರು ಕಟ್ಟಿದ ಆ ಶಾಲೆ ಈಗ ಮಾಹೆಯ ಅಡಿಯಲ್ಲಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಆರು ಸಂಪುಟಗಳ ತುಳು ನಿಘಂಟು ತಂದ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ನೂತನ ರವೀಂದ್ರ ಮಂಟಪ, ಮುದ್ದಣ ಮಂಟಪಗಳೂ ಅಲ್ಲೇ. ಕಾರ್ಕಳದಲ್ಲಿ ಸರ್ಕಾರದ ಯಕ್ಷ ರಂಗಾಯಣ ಇದೆ.

ಇವ್ಯಾವುವೂ ಬರೀ ವಿದ್ಯಾರ್ಥಿಗಳ ಜಾಗ ಅಲ್ಲ. ಊರಿನ ನಾಟಕ, ತಾಳಮದ್ದಲೆ, ಪುಸ್ತಕ ಬಿಡುಗಡೆ, ಉಪನ್ಯಾಸಗಳೆಲ್ಲ ಇಂಥ ಕಡೆಯೇ ನಡೆಯೋದು. ನಮ್ಮಲ್ಲಿ ಕಲೆ ಮೊದಲಿದ್ದದ್ದು ಬಯಲಿನಲ್ಲಿ. ಬಯಲಾಟದ ಗದ್ದೆಗೆ ಬಾಗಿಲೂ ಇಲ್ಲ, ಮೆಟ್ಟಿಲೂ ಇಲ್ಲ. ಚಾಪೆ ತಂದವರು ಚಾಪೆ ಹಾಸಿಕೊಂಡರು, ಸಾಕಾದವರು ಎದ್ದು ಹೋದರು. ಆಟವನ್ನು ಕಟ್ಟಡದೊಳಗೆ ತಂದ ಮೇಲೆ, ಆ ಬಯಲು ತಾನಾಗಿಯೇ ಕೊಡುತ್ತಿದ್ದುದನ್ನು ಕಟ್ಟಡ ಲೆಕ್ಕ ಹಾಕಿ ಕೊಡಬೇಕಾಗುತ್ತೆ.

ಮೊದಲ ಮೆಟ್ಟಿಲು ಇರೋದು ಬಸ್ಸಿನಲ್ಲಿ

ಉಡುಪಿಯಿಂದ ಮಣಿಪಾಲ ಸುಮಾರು 5 ಕಿ.ಮೀ., ಕಾಪು 13, ಕಾರ್ಕಳ 38. ಸಂಜೆ ಆರಕ್ಕೆ ಶುರುವಾಗುವ ಕಾರ್ಯಕ್ರಮದಲ್ಲಿ ಭಾಷಣಗಳೇ ಏಳೂವರೆವರೆಗೆ ಎಳೆದರೆ ನಾಟಕ ಮುಗಿಯೋದು ಒಂಬತ್ತೂವರೆಗೆ. ಕಾರು, ಬೈಕು ಇದ್ದವರಿಗೆ ಅದು ತೊಂದರೆ ಅಲ್ಲ. ಕಾರ್ಕಳ ತಾಲೂಕಿನ ಒಳಗಿನ ಊರಿನಿಂದ ಬರುವ ಹುಡುಗಿಗೆ ಅದು ನಾಟಕದ ಕೊನೆಯ ದೃಶ್ಯ ಬಿಟ್ಟು ಏಳುವ ಹೊತ್ತು. ಮುದ್ದಣನ ಊರು ನಂದಳಿಕೆಯೂ ಅದೇ ತಾಲೂಕಿನದು. ಅವನ ಹೆಸರಿನ ಮಂಟಪದಲ್ಲಿ ಆಟ ನೋಡಿ ಅವನ ಊರಿಗೆ ಬಸ್ಸಿನಲ್ಲಿ ವಾಪಸ್ ಹೋಗಲು ಆಗಬೇಕಲ್ವಾ?

ಕರಾವಳಿಯಲ್ಲಿ ಓಡಾಡೋದು ಹೆಚ್ಚಾಗಿ ಖಾಸಗಿ ಬಸ್ಸುಗಳು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇರೋದು ಸರ್ಕಾರಿ ಬಸ್ಸುಗಳಿಗೆ ಮಾತ್ರ. ಹಾಗಾಗಿ ‘ಪ್ರವೇಶ ಉಚಿತ’ ಅಂದರೂ ಇಲ್ಲಿನ ಎಷ್ಟೋ ಹೆಣ್ಣುಮಕ್ಕಳಿಗೆ ಹೋಗಿಬರುವ ಖರ್ಚು ಇದ್ದೇ ಇರುತ್ತೆ. ಬಸ್ಸಿನ ವೇಳೆಗೆ ಹೊಂದುವಂತೆ ಕಾರ್ಯಕ್ರಮ ಮುಗಿಸಲು ಒಂದು ಪೈಸೆ ಖರ್ಚಿಲ್ಲ. ಭಾಷಣ ಕಡಿಮೆ ಮಾಡಿದರೆ ಸಾಕು.

ನಾಲ್ಕು ಮೆಟ್ಟಿಲಿನ ಲೆಕ್ಕ

ಇಂಜಿನಿಯರಿಂಗ್ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಪ್ರಕಾರ ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. 15 ಸೆಂ.ಮೀ.ನ ನಾಲ್ಕು ಮೆಟ್ಟಿಲು ಅಂದರೆ 60 ಸೆಂ.ಮೀ.; ಅದಕ್ಕೆ 7.2 ಮೀಟರ್ ರ‍್ಯಾಂಪ್ ಬೇಕು. ಪಕ್ಕದಲ್ಲಿ ಎರಡು ಮೀಟರ್ ಸಿಮೆಂಟ್ ಸುರಿದು ಮಾಡಿದ್ದು ರ‍್ಯಾಂಪ್ ಅಲ್ಲ, ಜಾರುಬಂಡಿ. ಗಾಲಿಕುರ್ಚಿ ತಿರುಗಲು 1.5 ಮೀಟರ್ ಜಾಗ ಬೇಕು, ಬಾಗಿಲಿನ ಅಗಲ 90 ಸೆಂ.ಮೀ. ಇರಬೇಕು.

ವೇದಿಕೆಯನ್ನೂ ಮರೆಯಬಾರದು. 90 ಸೆಂ.ಮೀ. ಎತ್ತರದ ವೇದಿಕೆಗೆ ಇನ್ನೂ ಉದ್ದದ ರ‍್ಯಾಂಪ್ ಅಥವಾ ಒಂದು ಲಿಫ್ಟ್ ಬೇಕು. ಅದನ್ನು ಕಟ್ಟದವರು, ಅಂಗವಿಕಲರು ನೋಡಲು ಮಾತ್ರ ಬರುತ್ತಾರೆ, ಆಡಲು ಬರಲ್ಲ ಅಂತ ಮೊದಲೇ ತೀರ್ಮಾನ ಮಾಡಿದಂತಾಯ್ತು.

ಹಳೆ ಕಟ್ಟಡಗಳ ವಿಷಯ ಸ್ವಲ್ಪ ಬೇರೆ. ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮರುಜೋಡಿಸಿದಂಥ ಪುರಾತನ ಮನೆಗಳ ಹೊಸ್ತಿಲನ್ನು ಸುಮ್ಮನೆ ಕಿತ್ತುಹಾಕೋಕೆ ಆಗಲ್ಲ, ಬೇರೆ ದಾರಿ ಹುಡುಕಬೇಕು. ಹೊಸದಾಗಿ ನಕ್ಷೆ ಬರೆಸುವವರಿಗೆ ಆ ಕಷ್ಟ ಇಲ್ಲ.

ಒಳಗೆ ಬಂದ ಮೇಲೆ

ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಹಾಡು ಬಿಟ್ಟರೆ ಮಾತೇ ಎಲ್ಲ. ಐವತ್ತು ವರ್ಷ ಅರ್ಥಗಾರಿಕೆ ಕೇಳಿದ ಅಜ್ಜನಿಗೆ ಈಗ ಶ್ರವಣಯಂತ್ರ ಇದ್ದರೂ ಸಭಾಂಗಣದ ಪ್ರತಿಧ್ವನಿಯಲ್ಲಿ ಮಾತು ಕಲಸಿಹೋಗುತ್ತೆ. ಇದಕ್ಕೆ ಇಂಡಕ್ಷನ್ ಲೂಪ್ ಅನ್ನುವ ವ್ಯವಸ್ಥೆ ಇದೆ. ಸಭಾಂಗಣದ ಸುತ್ತ ತಂತಿ ಹಾಕಿ ಮೈಕಿನ ಧ್ವನಿಯನ್ನು ನೇರವಾಗಿ ಶ್ರವಣಯಂತ್ರಕ್ಕೆ ಮುಟ್ಟಿಸುತ್ತಾರೆ. ‘ಟಿ’ ಸೌಲಭ್ಯ ಇರುವ ಯಂತ್ರಗಳಲ್ಲಿ ಅದು ಸ್ಪಷ್ಟವಾಗಿ ಕೇಳುತ್ತೆ.

ಮಿಕ್ಕಿದ್ದು ಸಾಮಾನ್ಯ ತಿಳಿವಳಿಕೆ. ಗಾಲಿಕುರ್ಚಿಯ ಪಕ್ಕದಲ್ಲೇ ಜೊತೆಗೆ ಬಂದವರಿಗೂ ಸೀಟು. ಬೀಗ ಹಾಕಿರದ ಶೌಚಾಲಯ. ಮಗುವಿಗೆ ಹಾಲುಣಿಸಲು ಒಂದು ಮೂಲೆ. ಕುಡಿಯುವ ನೀರು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಗೇಟಿನಿಂದ ಬಾಗಿಲವರೆಗೆ ಮಾಡು, ಕೊಡೆ ಇಡಲು ಜಾಗ, ಒದ್ದೆಯಾದರೂ ಜಾರದ ನೆಲ.

‘ಇದು ಖಾಸಗಿ ಸಂಸ್ಥೆ ಅಲ್ವಾ?’

ಆಗಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ‘ಸಾರ್ವಜನಿಕ ಕಟ್ಟಡ’ ಅನ್ನುವಾಗ ಸರ್ಕಾರಿ, ಖಾಸಗಿ ಎರಡನ್ನೂ ಸೇರಿಸುತ್ತೆ. ಶಿಕ್ಷಣಕ್ಕೆ, ಸಾಂಸ್ಕೃತಿಕ ಚಟುವಟಿಕೆಗೆ ಬಳಸುವ ಕಟ್ಟಡಗಳೂ ಅದರಲ್ಲಿವೆ. ಸೆಕ್ಷನ್ 44ರ ಪ್ರಕಾರ ನಿಯಮ ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿಯನ್ನೂ ಕೊಡುವಂತಿಲ್ಲ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಸೆಕ್ಷನ್ 45 ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಗಡುವು ಕೊಟ್ಟಿತ್ತು. ನಿಯಮಗಳು ಹೊರಬಿದ್ದದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬರೀ ಸಲಹೆಯ ಧಾಟಿಯ ಮಾರ್ಗಸೂಚಿಗಳನ್ನೇ ನಿಯಮ ಅಂತ ಇಟ್ಟುಕೊಳ್ಳೋದು ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಕಾಯ್ದೆ ಉಲ್ಲಂಘನೆಗೆ ಸೆಕ್ಷನ್ 89ರಲ್ಲಿ ದಂಡವೂ ಇದೆ: ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ. ದೂರು ಕೊಡಬೇಕಾದದ್ದು ರಾಜ್ಯ ಅಂಗವಿಕಲರ ಆಯುಕ್ತರಿಗೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಿಕೊಳ್ಳಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ.

ನೀವು ಮಾಡಬಹುದಾದದ್ದು

ದೂರಿನ ಮೊದಲು ಪ್ರಶ್ನೆ ಕೇಳೋಣ. ನೀವು ವಿದ್ಯಾರ್ಥಿ ಸಂಘದಲ್ಲೋ ನಾಟಕ ತಂಡದಲ್ಲೋ ಇದ್ದರೆ ಮುಂದಿನ ಆಮಂತ್ರಣ ಪತ್ರಿಕೆಯಲ್ಲಿ ಈ ನಾಲ್ಕು ಸಾಲು ಹಾಕಿಸಿ: ಮೆಟ್ಟಿಲಿಲ್ಲದ ದ್ವಾರ ಎಲ್ಲಿದೆ, ಗಾಲಿಕುರ್ಚಿ ಹೋಗುವ ಶೌಚಾಲಯ ಎಲ್ಲಿದೆ, ಕಾರ್ಯಕ್ರಮ ಎಷ್ಟಕ್ಕೆ ಮುಗಿಯುತ್ತೆ ಮತ್ತು ಆಮೇಲೆ ಯಾವ ಬಸ್ ಇದೆ, ಸಹಾಯ ಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಉತ್ತರ ‘ಇಲ್ಲ’ ಅಂತಾದರೆ ಅದನ್ನೂ ಅಚ್ಚು ಹಾಕಿ. ಅಲ್ಲಿವರೆಗೆ ಬಂದು ವಾಪಸ್ ಹೋಗುವುದಾದರೂ ತಪ್ಪುತ್ತೆ, ಆಡಳಿತದವರ ಕಣ್ಣಿಗೂ ಬೀಳುತ್ತೆ.

ಪತ್ರಿಕೆಯಲ್ಲಿ ಜಾಗ ಇಲ್ಲ ಅಂದರೆ ಅತಿಥಿಗಳ ಪಟ್ಟಿಯಲ್ಲಿ ಎರಡು ಹೆಸರು ಕಡಿಮೆ ಮಾಡಿ. ಜಾಗ ಆಗುತ್ತೆ, ಭಾಷಣವೂ ಅಷ್ಟು ಕಡಿಮೆಯಾಗಿ ಕಾರ್ಕಳದವರಿಗೆ ಬಸ್ಸೂ ಸಿಗಬಹುದು.