17 ಟೆಸ್ಟುಗಳ ಮೇಷ್ಟ್ರು

ಅನಿಲ್ ಕುಂಬ್ಳೆ ಅಂದ ತಕ್ಷಣ ನಮಗೆಲ್ಲ ಎರಡು ಚಿತ್ರ ಕಣ್ಮುಂದೆ ಬರುತ್ತವೆ. ಒಂದು, 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತ ಕುಂಬ್ಳೆ. ಇನ್ನೊಂದು, 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾನ ಎಲ್‌ಬಿಡಬ್ಲ್ಯೂ ಮಾಡಿದ ಕುಂಬ್ಳೆ. ಇವೆರಡರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನೂ ಬರೆದರೆ ಓದೋರಿಗೇ ಬೇಜಾರು. ನನಗೆ ಹೇಳಬೇಕು ಅನಿಸಿರೋದು ಮೂರನೇ ಕುಂಬ್ಳೆ ಬಗ್ಗೆ. ಕೋಚ್ ಕುಂಬ್ಳೆ. 17 ಟೆಸ್ಟು, 12 ಗೆಲುವು, 4 ಡ್ರಾ, ಒಂದೇ ಒಂದು ಸೋಲು... ಆಮೇಲೆ ರಾಜೀನಾಮೆ!

ಇಂಥ ಅಂಕಪಟ್ಟಿ ಇಟ್ಟುಕೊಂಡು ಒಬ್ಬ ಮನುಷ್ಯ ಕೆಲಸ ಬಿಡಬೇಕಾಯ್ತು ಅಂದರೆ ಅದು ಹೇಗೆ ಸಾಧ್ಯ? 2017ರಲ್ಲಿ ನಾನಿನ್ನೂ ಎಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಈ ವಿಷಯಕ್ಕೆ ನಡೆದಷ್ಟು ಜಗಳ ಯಾವ ಇಂಟರ್ನಲ್ಸ್ ಹಿಂದಿನ ರಾತ್ರಿಯೂ ನಡೆದಿರಲಿಲ್ಲ. ಅರ್ಧ ಜನ ಕೊಹ್ಲಿ ಕಡೆ, ಅರ್ಧ ಜನ ಕುಂಬ್ಳೆ ಕಡೆ. ಯಾರದು ಸರಿ ಅನ್ನೋ ಆ ಜಗಳದಲ್ಲಿ ನನಗೆ ಈಗ ಆಸಕ್ತಿ ಇಲ್ಲ. ಕ್ರಿಕೆಟ್ಟಿನಲ್ಲಿ ಕೋಚ್ ಅನ್ನೋ ಹುದ್ದೆಗೆ ಎಷ್ಟು ಅಧಿಕಾರ ಇದೆ ಅನ್ನೋದೇ ಅಸಲಿ ಪ್ರಶ್ನೆ ಅಂತ ನನ್ನ ಅನಿಸಿಕೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕೊತ್ತತ್ತಿ ಕಡೆ ಕ್ರಿಕೆಟ್ ಬ್ಯಾಟ್ ಹಿಡಿದುಕೊಂಡು ಹೊರಟ ಹುಡುಗನಿಗೆ ಜಗುಲಿ ಮೇಲಿಂದ ಒಂದು ಮಾತು ಬಂದೇ ಬರುತ್ತೆ: "ಲೇ, ಮೊದ್ಲು ಓದ್ಬುಡ್ಲಾ, ಆಮೇಲೆ ಆಡೀವಂತೆ." ನಮ್ಮ ದೊಡ್ಡಪ್ಪ ಇದಕ್ಕೆ ಒಂದು ಸಾಕ್ಷಿ ಬೇರೆ ಸೇರಿಸೋರು: "ಕುಂಬ್ಳೆ ನೋಡ್ಲಾ, ಎಂಜಿನಿಯರಿಂಗ್ ಮುಗಿಸ್ಕಂಡೇ ಆಡ್ದ." ಕಬ್ಬಿನ ಗದ್ದೆ, ಆಲೆಮನೆ ಬಿಟ್ಟು ಮಕ್ಕಳು ಮಂಡ್ಯದ ಪಿ.ಇ.ಎಸ್. ಕಾಲೇಜಿಗೋ ಮೈಸೂರಿಗೋ ಹೋಗಿ ಎಂಜಿನಿಯರ್ ಆಗಲಿ ಅಂತ ಆಸೆಪಟ್ಟ ತಲೆಮಾರಿಗೆ ಕುಂಬ್ಳೆಗಿಂತ ಅನುಕೂಲದ ಉದಾಹರಣೆ ಇನ್ನೊಂದಿರಲಿಲ್ಲ :-)

ದೊಡ್ಡಪ್ಪ ಹೇಳಿದ್ದು ಪೂರ್ತಿ ಸರಿಯಲ್ಲ. ಪೂರ್ತಿ ತಪ್ಪೂ ಅಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಹುಡುಗ, ಮೊದಲು ಮೀಡಿಯಂ ಪೇಸ್ ಹಾಕುತ್ತಿದ್ದವರು, ಅಣ್ಣನ ಸಲಹೆ ಕೇಳಿ ಲೆಗ್ ಸ್ಪಿನ್‌ಗೆ ಬಂದವರು. 1989ರ ನವೆಂಬರಿನಲ್ಲಿ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ. 1990ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಮೊದಲ ಒಂದು ದಿನದ ಪಂದ್ಯ. ಅದೇ ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ಮೊದಲ ಟೆಸ್ಟ್. ಆಗ ವಯಸ್ಸು 19, ಮುಖದ ಮೇಲೆ ದಪ್ಪ ಕನ್ನಡಕ, ಬೆಂಗಳೂರಿನಲ್ಲಿ ಓದು ಇನ್ನೂ ಬಾಕಿ. ಆ ಒಂದು ಟೆಸ್ಟ್ ಆದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಇನ್ನೊಂದು ಟೆಸ್ಟ್ ಸಿಗಲಿಲ್ಲ. ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಗ್ರಿ ಮುಗಿದದ್ದು ಈ ನಡುವೆಯೇ. 1992ರಲ್ಲಿ ಇರಾನಿ ಟ್ರೋಫಿಯಲ್ಲಿ 13 ವಿಕೆಟ್ ತೆಗೆದು ಮತ್ತೆ ಬಾಗಿಲು ತಟ್ಟಿದರು. ನವೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಒಂದು ಇನ್ನಿಂಗ್ಸಿಗೆ 6 ವಿಕೆಟ್. ಅಲ್ಲಿಂದ 2008ರ ನವೆಂಬರ್ 2ರಂದು ಕೋಟ್ಲಾದಲ್ಲೇ ನಿವೃತ್ತಿ ಹೇಳೋವರೆಗೆ 132 ಟೆಸ್ಟ್, 619 ವಿಕೆಟ್.

ಕೋಚ್ ಹುದ್ದೆಯ ವಿಷಯಕ್ಕೆ ಬರೋ ಮುಂಚೆ ಇನ್ನೊಬ್ಬ ಎಂಜಿನಿಯರನ್ನ ನೆನೆಯಲೇಬೇಕು, ಯಾಕಂದರೆ ಆ ಹುದ್ದೆಯೇ ಇಲ್ಲದ ಕಾಲದ ಕಥೆ ಇವರಲ್ಲಿದೆ. ಎರಪಳ್ಳಿ ಪ್ರಸನ್ನ! 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್, ಹಿಂದೆಯೇ ವೆಸ್ಟ್ ಇಂಡೀಸ್ ಪ್ರವಾಸ. ವಾಪಸ್ ಬಂದವರು ಮೈಸೂರಿನ ಎನ್.ಐ.ಇ.ನಲ್ಲಿ ಓದು ಮುಗಿಸೋಕೆ ಆಟವನ್ನ ಪಕ್ಕಕ್ಕಿಟ್ಟರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಸ್ಪಿನ್ನರ್ ಒಬ್ಬನಿಗೆ 21ರಿಂದ 26ರವರೆಗಿನ ಪ್ರಾಯ ಅಂದರೆ ಏನು ಕಡಿಮೆಯೇ? ಹಿಂದಿರುಗಿದವರು 20ನೇ ಟೆಸ್ಟಿಗೇ 100 ವಿಕೆಟ್ ಮುಟ್ಟಿದರು. ಭಾರತದ ಮಟ್ಟಿಗೆ ಆ ವೇಗವನ್ನ 2013ರಲ್ಲಿ ಅಶ್ವಿನ್ ಬಂದು ಮುರಿಯಬೇಕಾಯ್ತು. (ಅಶ್ವಿನ್ ಕೂಡ ಎಂಜಿನಿಯರ್ ಅನ್ನೋದು ಕಾಕತಾಳೀಯ ಅಂತ ನಂಬೋಕೆ ನನಗಂತೂ ಮನಸ್ಸಿಲ್ಲ.)

ಈ ಪ್ರಸನ್ನ ಅವರೇ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದ ಗವಾಸ್ಕರ್ ತಂಡದ ಮ್ಯಾನೇಜರ್. ಕೋಚ್ ಅಲ್ಲ, ಮ್ಯಾನೇಜರ್. ಆಗ ಭಾರತ ತಂಡಕ್ಕೆ ಕೋಚ್ ಅಂತ ಒಬ್ಬರು ಇರುತ್ತಿರಲಿಲ್ಲ. ಶಾಸ್ತ್ರಿಗೆ ಆಡಿ ಕಾರು ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಲಕ್ಷ್ಮಣ್ ಶಿವರಾಮಕೃಷ್ಣನ್ ಅನ್ನೋ 19ರ ಹುಡುಗನ ಲೆಗ್ ಸ್ಪಿನ್ ಆ ಟೂರ್ನಿಯಲ್ಲಿ ಎಂಥೆಂಥವರನ್ನ ಕೆಡವಿತು ಅನ್ನೋದೂ ಗೊತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬ ದೊಡ್ಡ ಸ್ಪಿನ್ನರ್ ಕೂತಿದ್ದರು ಅನ್ನೋದನ್ನ ಮಾತ್ರ ನಾವು ಮರೆತುಬಿಟ್ಟಿದ್ದೇವೆ.

1990ರಲ್ಲಿ ಬಿಷನ್ ಬೇಡಿ 'ಕ್ರಿಕೆಟ್ ಮ್ಯಾನೇಜರ್' ಆದರು. ಆಮೇಲೆ ವಾಡೇಕರ್. 2000ದಲ್ಲಿ ಮೊದಲ ವಿದೇಶಿ ಕೋಚ್ ಜಾನ್ ರೈಟ್. 2005ರಲ್ಲಿ ಗ್ರೆಗ್ ಚಾಪೆಲ್. ಚಾಪೆಲ್‌ಗೂ ಗಂಗೂಲಿಗೂ ಆಗಲಿಲ್ಲ, ಈಮೇಲ್ ಪತ್ರಿಕೆಗೆ ಸೋರಿತು, ಕೊನೆಗೆ ಗಂಗೂಲಿ ಕ್ಯಾಪ್ಟನ್ ಪಟ್ಟ ಕಳೆದುಕೊಂಡರು. ಕುಂಬ್ಳೆ ಆಗ ತಂಡದ ಹಿರಿಯ ಆಟಗಾರ, ಅದನ್ನೆಲ್ಲ ಒಳಗಿನಿಂದ ಕಂಡವರು. ಅಂದರೆ 2005ರಲ್ಲಿ ಕೋಚ್-ಕ್ಯಾಪ್ಟನ್ ಜಗಳದಲ್ಲಿ ಹೋದದ್ದು ಕ್ಯಾಪ್ಟನ್. 2017ರಲ್ಲಿ ಹೋದದ್ದು ಕೋಚ್. ಯಾರು ಹೋಗಬೇಕು ಅನ್ನೋದಕ್ಕೆ ಒಂದು ನಿಯಮವೇ ಇಲ್ಲ! ಆ ಹೊತ್ತಿಗೆ ಯಾರ ಕೈ ಮೇಲಿದೆಯೋ ಅವರು ಉಳೀತಾರೆ.

ಬೇರೆ ಆಟಗಳಲ್ಲಿ ಹೀಗಿಲ್ಲ. ಈ ಮಾತಿಗೆ ನಾನು ಯಾವಾಗಲೂ ಕೊಡೋ ಉದಾಹರಣೆ ನಮಗೆ ಸಂಬಂಧವೇ ಇಲ್ಲದ ಐಸ್ ಹಾಕಿಯದು. ಅಮೆರಿಕದ ಹರ್ಬ್ ಬ್ರೂಕ್ಸ್ ಮಿನೆಸೋಟ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. 1960ರ ಒಲಿಂಪಿಕ್ಸ್‌ಗೆ ತಂಡ ಆರಿಸುವಾಗ ಕಟ್ಟಕಡೆಯಲ್ಲಿ ಇವರನ್ನ ಕೈಬಿಟ್ಟರು, ಆ ತಂಡ ಚಿನ್ನ ಗೆದ್ದಿತು. ಮುಂದೆ ಓದಿದ ಕಾಲೇಜಿಗೇ ಕೋಚ್ ಆಗಿ ಮೂರು ಸಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆಲ್ಲಿಸಿದರು. 1980ರ ಚಳಿಗಾಲದ ಒಲಿಂಪಿಕ್ಸ್‌ಗೆ ಹೆಚ್ಚಾಗಿ ಕಾಲೇಜು ಹುಡುಗರನ್ನೇ ಕಟ್ಟಿಕೊಂಡು ಹೋಗಿ, ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನಲ್ಲಿ ಸೋವಿಯತ್ ತಂಡವನ್ನ 4-3ರಿಂದ ಸೋಲಿಸಿದರು. ಆಮೇಲೆ ಚಿನ್ನವನ್ನೂ ಗೆದ್ದರು. ಅದಕ್ಕೆ ಐದು ತಿಂಗಳ ಮುಂಚೆ ನಾರ್ವೆ ಜತೆ ಒಂದು ಅಭ್ಯಾಸ ಪಂದ್ಯ 3-3 ಡ್ರಾ ಆದಾಗ ಬ್ರೂಕ್ಸ್ ಏನು ಮಾಡಿದರು ಗೊತ್ತಾ? ಪಂದ್ಯ ಮುಗಿದ ಮೇಲೂ ಹುಡುಗರನ್ನ ಮಂಜಿನಿಂದ ಇಳಿಯೋಕೆ ಬಿಡದೆ, ಈ ತುದಿಯಿಂದ ಆ ತುದಿಗೆ ಓಡಿಸಿದರು. ಸಿಬ್ಬಂದಿ ಬಂದು ದೀಪ ಆರಿಸಿದರೂ ಕತ್ತಲಲ್ಲೇ ಓಡಿಸಿದರು. ಆ ಆಟದಲ್ಲಿ ನಿಮಿಷಕ್ಕೊಮ್ಮೆ ಯಾರು ಒಳಗೆ, ಯಾರು ಹೊರಗೆ ಅನ್ನೋದನ್ನ ತೀರ್ಮಾನಿಸೋನು ಕೋಚ್. ಕ್ಯಾಪ್ಟನ್ ಅವನ ಮಾತು ಕೇಳಬೇಕಾದ ಆಟಗಾರರಲ್ಲಿ ಒಬ್ಬ, ಅಷ್ಟೇ.

ಕ್ರಿಕೆಟ್ಟಿನಲ್ಲಿ ಇದನ್ನ ಊಹಿಸಿಕೊಳ್ಳಿ ನೋಡೋಣ! ಇಲ್ಲಿ ಆಟ ಶುರುವಾದ ಮೇಲೆ ಕೋಚ್ ಹಗ್ಗದ ಆಚೆ ಕೂತ ಪ್ರೇಕ್ಷಕ. ಯಾರು ಬೌಲ್ ಮಾಡಬೇಕು, ಫೀಲ್ಡರ್ ಎಲ್ಲಿರಬೇಕು, ಡಿಕ್ಲೇರ್ ಯಾವಾಗ, ಎಲ್ಲ ಕ್ಯಾಪ್ಟನ್ ಕೈಯಲ್ಲಿ. ಗೆದ್ದರೂ ಸೋತರೂ ಹೆಸರು ಕ್ಯಾಪ್ಟನ್‌ದು. ಕುಂಬ್ಳೆ ಕೂತದ್ದು ಇಂಥ ಕುರ್ಚಿ ಮೇಲೆ.

2016ರ ಜೂನ್‌ನಲ್ಲಿ ಆ ಹುದ್ದೆಗೆ 57 ಅರ್ಜಿ ಬಂದಿದ್ದವು. ಆರಿಸೋ ಸಮಿತಿಯಲ್ಲಿ ಸಚಿನ್, ಗಂಗೂಲಿ, ಲಕ್ಷ್ಮಣ್. ಕುಂಬ್ಳೆ ಮುಂಬೈ ಇಂಡಿಯನ್ಸ್‌ಗೆ ಮಾರ್ಗದರ್ಶಕ ಆಗಿದ್ದರು, ಅದಕ್ಕೂ ಮೊದಲು ಮೂರು ವರ್ಷ ಕೆ.ಎಸ್.ಸಿ.ಎ. ಅಧ್ಯಕ್ಷರಾಗಿದ್ದರು (ಕಾರ್ಯದರ್ಶಿ ಯಾರು? ಇನ್ನೊಬ್ಬ ಎಂಜಿನಿಯರ್, ಶ್ರೀನಾಥ್!). ಆದರೆ ಯಾವ ದೇಶದ ತಂಡಕ್ಕೂ ಕೋಚ್ ಆಗಿರಲಿಲ್ಲ. ಕೊಟ್ಟದ್ದು ಒಂದು ವರ್ಷ. ಬೆಂಗಳೂರಿನಲ್ಲಿ ನಡೆದ ಮೊದಲ ಶಿಬಿರದಲ್ಲಿ ಆಟಗಾರರೆಲ್ಲ ಸುತ್ತ ಕೂತು ಡ್ರಮ್ ಬಾರಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕೊನೆಗೆ 'ಹೆಡ್‌ಮಾಸ್ಟರ್' ಅನ್ನಿಸಿಕೊಂಡ ಮನುಷ್ಯ ಶುರು ಮಾಡಿದ್ದು ಹೀಗೆ.

ಆಮೇಲಿನದು ದಾಖಲೆಯಲ್ಲೇ ಇದೆ. ವೆಸ್ಟ್ ಇಂಡೀಸ್‌ನಲ್ಲಿ 2-0. ನ್ಯೂಜಿಲೆಂಡ್ ವಿರುದ್ಧ 3-0. ಇಂಗ್ಲೆಂಡ್ ವಿರುದ್ಧ 4-0. ಚೆನ್ನೈನಲ್ಲಿ ನಮ್ಮ ರಾಹುಲ್ 199ಕ್ಕೆ ಔಟಾದರೆ ನಮ್ಮ ಕರುಣ್ ನಾಯರ್ 303 ಹೊಡೆದು ಔಟಾಗದೆ ಉಳಿದರು, ತಂಡದ ಮೊತ್ತ 7ಕ್ಕೆ 759! ಕೋಚ್ ಕುರ್ಚಿಯಲ್ಲಿ ಕೂತ ಕನ್ನಡಿಗನಿಗೆ ಆವತ್ತು ಹೇಗನಿಸಿರಬಹುದು? ಆಮೇಲೆ ಬಾಂಗ್ಲಾದೇಶದ ಮೇಲೆ ಒಂದು ಗೆಲುವು. ಆಸ್ಟ್ರೇಲಿಯಾ ಬಂದಾಗ ಪುಣೆಯಲ್ಲಿ 105 ಮತ್ತು 107ಕ್ಕೆ ಆಲೌಟ್. ಆ ಒಂದು ಸೋಲು ಅದೇ. ಅದಾದ ಮೇಲೆ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು 188, ಗಳಿಸಿದ್ದು 112. ಧರ್ಮಶಾಲಾದಲ್ಲಿ ಕೊಹ್ಲಿ ಗಾಯಗೊಂಡು ಹೊರಗೆ, ರಹಾನೆ ಕ್ಯಾಪ್ಟನ್, ಅವರ ಜಾಗಕ್ಕೆ ಬ್ಯಾಟ್ಸ್‌ಮನ್ ಬದಲು ಕುಲದೀಪ್ ಯಾದವ್ ಅನ್ನೋ ಹೊಸ ಸ್ಪಿನ್ನರ್. ಮೊದಲ ಇನ್ನಿಂಗ್ಸಲ್ಲೇ 4 ವಿಕೆಟ್. ಸರಣಿ 2-1.

2017ರ ಮೇನಲ್ಲಿ ಆಟಗಾರರ ಸಂಬಳ ಹೆಚ್ಚಬೇಕು ಅಂತ ಆಡಳಿತ ಸಮಿತಿ ಮುಂದೆ ಲೆಕ್ಕ ಮಂಡಿಸಿದ್ದೂ ಕುಂಬ್ಳೆಯೇ. ಆ ದಿನಗಳಲ್ಲೇ ಮಂಡಳಿ ಕೋಚ್ ಹುದ್ದೆಗೆ ಹೊಸ ಅರ್ಜಿ ಕರೆಯಿತು. ತಂಡ ಚಾಂಪಿಯನ್ಸ್ ಟ್ರೋಫಿಗೆ ಹೊರಟು ನಿಂತಿದ್ದಾಗ! ಜೂನ್ 18ರಂದು ಓವಲ್‌ನಲ್ಲಿ ಪಾಕಿಸ್ತಾನದ ಎದುರು ಫೈನಲ್ ಸೋತದ್ದು 180 ರನ್ನಿಂದ. ಜೂನ್ 20ಕ್ಕೆ ಕುಂಬ್ಳೆ ರಾಜೀನಾಮೆ. ಅವರ ಹೇಳಿಕೆಯ ಸಾರಾಂಶ ಇಷ್ಟು: ನನ್ನ ಶೈಲಿ ಬಗ್ಗೆ ಕ್ಯಾಪ್ಟನ್‌ಗೆ ತಕರಾರಿದೆ ಅಂತ ಮಂಡಳಿ ನನಗೆ ಹೇಳಿದ್ದು ಹಿಂದಿನ ದಿನ, ಅದೇ ಮೊದಲ ಸಲ, ಕೋಚ್-ಕ್ಯಾಪ್ಟನ್ ನಡುವಿನ ಗಡಿಯನ್ನ ನಾನು ಯಾವತ್ತೂ ಗೌರವಿಸಿದ್ದೇನೆ, ತಂಡಕ್ಕೆ ಕನ್ನಡಿ ಹಿಡಿಯೋದು ಕೋಚ್ ಕೆಲಸ ಅಂತ ನಂಬಿದ್ದೇನೆ, ಈ ಜೋಡಿ ಇನ್ನು ಮುಂದುವರಿಯೋದು ಸಾಧ್ಯವಿಲ್ಲ.

ಕನ್ನಡಿ ಅನ್ನೋ ಆ ಮಾತು ಓದಿದಾಗಲೆಲ್ಲ ನನಗೆ ಆಫೀಸಿನ ಕೋಡ್ ರಿವ್ಯೂ ನೆನಪಾಗುತ್ತೆ. ರಿವ್ಯೂ ಮಾಡೋ ಸೀನಿಯರ್‌ಗೆ ಎಷ್ಟೇ ಗೊತ್ತಿರಲಿ, ಅವರು ಹೇಳಿದ ತಿದ್ದುಪಡಿ ಮಾಡಿಸೋ ಅಧಿಕಾರ ಅವರ ಕೈಯಲ್ಲಿಲ್ಲದಿದ್ದರೆ ಅವರು ಬರೀ ಕಿರಿಕಿರಿ ಮನುಷ್ಯ ಅಷ್ಟೇ! ಬ್ರೂಕ್ಸ್ ಕೈಯಲ್ಲಿ ಆ ಅಧಿಕಾರ ಇತ್ತು. ಹಾಗಾಗಿ ಕತ್ತಲಲ್ಲಿ ಓಡಿಸಿದ್ದು ಇವತ್ತು ದಂತಕಥೆ. ಕುಂಬ್ಳೆ ಕೈಯಲ್ಲಿ ಇದ್ದದ್ದು ಕನ್ನಡಿ ಮಾತ್ರ. ಕೊಹ್ಲಿಯದು ತಪ್ಪು ಅಂತಲೂ ನಾನು ಹೇಳಲ್ಲ. ಮೈದಾನದಲ್ಲಿ ಉತ್ತರ ಕೊಡಬೇಕಾದವನು ತನಗೆ ಹೊಂದೋ ಜೊತೆಗಾರ ಬೇಕು ಅಂದರೆ ಅದೂ ನ್ಯಾಯವೇ. ತಪ್ಪಿರೋದು, ಗಡಿ ಎಲ್ಲಿದೆ ಅಂತ ಬರೆದಿಡದೆ ಇಬ್ಬರನ್ನೂ ಒಂದೇ ಕೋಣೆಗೆ ಕಳಿಸಿದ ಏರ್ಪಾಡಿನಲ್ಲಿ.

2021ರ ನವೆಂಬರಿನಲ್ಲಿ ಅದೇ ಕುರ್ಚಿಗೆ ಇನ್ನೊಬ್ಬ ಬೆಂಗಳೂರಿಗ ಬಂದರು. ದ್ರಾವಿಡ್ ಅದಕ್ಕೆ ಮುಂಚೆ ವರ್ಷಗಟ್ಟಲೆ 19ರ ಒಳಗಿನ ತಂಡಕ್ಕೆ, ಎ ತಂಡಕ್ಕೆ ಪಾಠ ಹೇಳಿದ್ದವರು. ಸೀನಿಯರ್ ತಂಡಕ್ಕೆ ಬರೋ ಹೊತ್ತಿಗೆ ಅಲ್ಲಿನ ಹುಡುಗರಲ್ಲಿ ಎಷ್ಟೋ ಜನ ಅವರ ಶಿಷ್ಯರೇ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಎತ್ತಿ ಹಿಡಿದು ಅವರು ಕೂಗಿದ್ದನ್ನ ನೋಡಿದ್ದೀರಲ್ಲ?

ಕುಂಬ್ಳೆ ಮತ್ತೆ ಕೋಚ್ ಆದದ್ದು ಐ.ಪಿ.ಎಲ್.ನಲ್ಲಿ, ಪಂಜಾಬ್ ತಂಡಕ್ಕೆ, 2020ರಿಂದ 2022ರವರೆಗೆ. ಕ್ಯಾಪ್ಟನ್ ಮೊದಲೆರಡು ವರ್ಷ ಕೆ.ಎಲ್. ರಾಹುಲ್, ಮೂರನೇ ವರ್ಷ ಮಯಾಂಕ್ ಅಗರ್ವಾಲ್. ಕೋಚ್, ಕ್ಯಾಪ್ಟನ್ ಎಲ್ಲ ಕರ್ನಾಟಕದವರೇ ಆಗಿ ಪಂಜಾಬಿನ ಹೆಸರಿನ ತಂಡ! ಮೂರು ವರ್ಷವೂ ಆರನೇ ಸ್ಥಾನ. ಈ ಸಲ ಜಗಳದ ಸುದ್ದಿ ಇರಲಿಲ್ಲ, ಗೆಲುವುಗಳೂ ಸಾಲಲಿಲ್ಲ. 2022ರ ಆಗಸ್ಟಿನಲ್ಲಿ ಒಪ್ಪಂದ ನವೀಕರಿಸಲಿಲ್ಲ.

ಅಂದಹಾಗೆ, 1985ರ ಆ ಪಂದ್ಯಗಳನ್ನ ಬೆಳಗಿನ ಜಾವ ಎದ್ದು ನೋಡಿದವರು, ರೇಡಿಯೋದಲ್ಲಿ ಕೇಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮ್ಯಾನೇಜರ್ ಪ್ರಸನ್ನ ಬಗ್ಗೆ ಏನಾದರೂ ನೆನಪಿದ್ದರೆ ದಯವಿಟ್ಟು ಬರೆಯಿರಿ. ಅವರ ಮೇಲೊಂದು ಪ್ರತ್ಯೇಕ ಬರಹ ಬಾಕಿ ಇದೆ.