ಬಳ್ಳಾರಿಯ ಎರೆಭೂಮಿಯಲ್ಲಿ ಸವಳು: ಒಂದು ಐತಿಹಾಸಿಕ ವಿವೇಚನೆ

ಹಗರಿ ನದಿಯ ಸಮೀಪದ ಮೋಕದಿಂದ ಸಿರುಗುಪ್ಪದವರೆಗೆ ಹಬ್ಬಿರುವ ಎರೆಭೂಮಿಯಲ್ಲಿ, ಗದ್ದೆಗಳ ನಡುವೆ ಅಲ್ಲಲ್ಲಿ ಬಿಳಿಯ ಉಪ್ಪು ಮೇಲೆದ್ದ ಬರಡು ಮಡಿಗಳು ಕಾಣುತ್ತವೆ. ಇವುಗಳನ್ನು ರೈತರು ಸವಳು ಎನ್ನುತ್ತಾರೆ. ಇದು ನಿಸರ್ಗದ ದೋಷವೋ, ಮಾನವನ ಕೃತಿಯೋ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಗೆ ನೀರಾವರಿ ಹೊಸತಲ್ಲ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ತುಂಗಭದ್ರೆಯ ತೀರದ ಕಿರಿದಾದ ಪಟ್ಟಿಯನ್ನು ಮಾತ್ರ ಆಶ್ರಯಿಸಿದ್ದವು. ಹೆಚ್ಚಾದ ನೀರು ಮರಳಿ ನದಿಯನ್ನು ಸೇರಲು ಅಲ್ಲಿ ಇಳಿಜಾರು ಇದ್ದಿತು. ಒಳನಾಡಿನ ಎರೆಭೂಮಿಯಾದರೋ ಮಳೆಯನ್ನೇ ನೆಚ್ಚಿ ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದಿತು. ೧೮೭೬–೭೮ರ ಕ್ಷಾಮವು ಆ ನೆಚ್ಚಿಕೆಯ ಅಪಾಯವನ್ನು ತೋರಿಸಿತು. ತುಂಗಭದ್ರಾ ಯೋಜನೆಯ ಮೂಲೋದ್ದೇಶವು ಬರದಿಂದ ರಕ್ಷಣೆಯೇ ಆಗಿದ್ದಿತು. ಅಂದರೆ, ವಿಸ್ತಾರವಾದ ಪ್ರದೇಶಕ್ಕೆ ಅಲ್ಪ ನೀರನ್ನು ಹಂಚಿ ಅರೆನೀರಾವರಿ ಬೆಳೆಗಳನ್ನು ಉಳಿಸುವುದು.

ಎರೆಮಣ್ಣಿಗೆ ನೀರುಣಿಸುವಲ್ಲಿ ಎಚ್ಚರ ಬೇಕೆಂಬುದು ಆಗಲೇ ತಿಳಿಯದ ಸಂಗತಿಯಲ್ಲ. ಮುಂಬಯಿ ಪ್ರಾಂತದ ನೀರಾ ಕಣಿವೆಯ ಸವಳು ಭೂಮಿಯನ್ನು ಕುರಿತು ಮ್ಯಾನ್ ಮತ್ತು ತಮ್ಹಾಣೆ ಎಂಬ ವಿದ್ವಾಂಸರು ೧೯೧೦ರಲ್ಲಿಯೇ ಬರೆದಿದ್ದರು. ಯೋಜನೆಗೆ ಮುನ್ನವೇ, ೧೯೩೭ರಲ್ಲಿ, ಈ ಮಣ್ಣಿನ ನೀರಾವರಿಯನ್ನು ಅಭ್ಯಸಿಸಲು ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು.

೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಮುಂದಿನ ದಶಕಗಳಲ್ಲಿ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ಕೃಷಿಕರೂ, ಅವರನ್ನು ಅನುಸರಿಸಿ ಸ್ಥಳೀಯರೂ ಬತ್ತದ ಬೇಸಾಯಕ್ಕೆ ತೊಡಗಿದರು. ಲಾಭವಿದ್ದುದರಿಂದ ನಿರ್ಬಂಧಗಳು ನಿಲ್ಲಲಿಲ್ಲ. ಆದುದರಿಂದ ವಲಸೆಗಾರರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಎರೆಮಣ್ಣಿನಲ್ಲಿ ನೀರು ಬಸಿಯುವುದು ಬಹು ನಿಧಾನ. ನಿಂತ ನೀರಿನಿಂದಲೂ ಕಾಲುವೆಯ ಸೋರಿಕೆಯಿಂದಲೂ ಅಂತರ್ಜಲವು ಮೇಲೇರಿ, ತಳದ ಮಣ್ಣಿನಲ್ಲಿ ಅಡಗಿದ್ದ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾಗಿ ಹೋದರೆ ಉಪ್ಪು ಮೇಲೆ ಉಳಿಯುತ್ತದೆ. ಸೋಡಿಯಂ ಜೇಡಿಯ ಕಣಗಳಿಗೆ ಅಂಟಿದಲ್ಲಿ ಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಕಲ್ಲಿನಂತಾಗುತ್ತದೆ. ಇಲ್ಲಿ ಒಂದು ವಿಷಮ ಚಕ್ರವನ್ನು ಗಮನಿಸಬೇಕು. ಸವಳಾದ ನೆಲದಲ್ಲಿ ಕಾಳುಗಳು ಏಳವು. ಉಪ್ಪನ್ನು ಕೆಳಕ್ಕೆ ಒತ್ತಿಹಿಡಿಯಲು ನೀರು ನಿಲ್ಲಿಸಿ ಬತ್ತವನ್ನೇ ಹಾಕಬೇಕಾಗುತ್ತದೆ. ಆ ನೀರೇ ಪುನಃ ಅಂತರ್ಜಲವನ್ನು ಏರಿಸುತ್ತದೆ.

ಕರ್ನಾಟಕದಲ್ಲಿನ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು ೯೬,೦೦೦ ಹೆಕ್ಟೇರು ಭೂಮಿ ಸವಳು ಜವಳಿಗೆ ತುತ್ತಾಗಿದೆಯೆಂದು ಅಂದಾಜಿದೆ. ಈ ನಷ್ಟವು ಸಮನಾಗಿ ಹಂಚಿಲ್ಲ. ಮೇಲಿನ ಗದ್ದೆಯವನು ಹೆಚ್ಚು ನೀರು ಕಟ್ಟಿದರೆ ತಗ್ಗಿನವನ ಹೊಲ ಕೆಡುತ್ತದೆ. ಕಾಲುವೆಯ ಕೊನೆಯವನಿಗಾದರೋ ನೀರೇ ಮುಟ್ಟುವುದಿಲ್ಲ.

ಬಸಿಗಾಲುವೆ, ಕ್ಷಾರ ಮಣ್ಣಿಗೆ ಜಿಪ್ಸಮ್, ಹಸಿರೆಲೆ ಗೊಬ್ಬರ ಮುಂತಾದ ಪರಿಹಾರಗಳು ಪರಿಚಿತವಾಗಿವೆ. ಆದರೆ ಬಸಿಗಾಲುವೆಯು ನೆರೆಯವನ ಹೊಲವನ್ನು ದಾಟದೆ ಹಳ್ಳವನ್ನು ಸೇರಲಾರದು. ಒಬ್ಬನೇ ರೈತನಿಂದ ಇದು ಸಾಧ್ಯವಿಲ್ಲ. ಲವಣವು ನಿಸರ್ಗದತ್ತವಾದುದು ನಿಜ. ಅದನ್ನು ಮೇಲಕ್ಕೆ ತಂದುದು ಮಾತ್ರ, ನೀರು ತರುವುದಕ್ಕೆ ಇದ್ದ ಉತ್ಸಾಹವು ನೀರನ್ನು ಹೊರಗೆಡಹುವುದರಲ್ಲಿ ಇಲ್ಲದೆ ಹೋದ ನಮ್ಮ ಚರಿತ್ರೆ.