ಮಾರಿಯ ಕಾಲದ ಮಾರಾಟ

ದಾವಣಗೆರೆ ವ್ಯಾಪಾರದಿಂದಲೇ ಬೆಳೆದ ಊರು. ಹೈದರಾಲಿಯಿಂದ ಇದನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಆಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ನೆರೆಯ ಹರಿಹರವಾದರೋ ಮೈಸೂರು ಸೀಮೆಯ ಹೆಬ್ಬಾಗಿಲು. ತುಂಗಭದ್ರೆಯ ಆಚೆಯ ದಡ ಆಗ ಮುಂಬಯಿ ಪ್ರಾಂತ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಹುಬ್ಬಳ್ಳಿಯನ್ನು ಕಾಡಿ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಸತ್ತು ಬಿದ್ದರೆ ಮನೆಗೆ ಬೀಗ ಹಾಕಿ ಊರ ಹೊರಗೆ ಜೋಪಡಿ ಕಟ್ಟುವುದು ಅಂದಿನ ರೂಢಿ. ಆದರೆ ಜೋಪಡಿಯಲ್ಲಿರುವವನಿಗೂ ಹೊಟ್ಟೆಯುಂಟಲ್ಲವೆ? ಅಂಥ ಕಾಲದಲ್ಲಿ ಜೋಳದ ಚೀಲವಿದ್ದವನು ಹೇಳಿದ್ದೇ ಬೆಲೆ.

ಈ ಎರಡು ಊರುಗಳ ಪೇಟೆಗಳಲ್ಲಿ ಮುಸಲ್ಮಾನ ಬಂಧುಗಳ ಅಂಗಡಿಗಳು ಹಲವುಂಟು. ಅವರ ಧರ್ಮಶಾಸ್ತ್ರ ಈ ತೊಡಕನ್ನು ಬಿಡಿಸಿದ ಬಗೆ ಎಲ್ಲರೂ ತಿಳಿಯತಕ್ಕದ್ದು.

ಪೈಗಂಬರ ಮಹಮ್ಮದರು ಸ್ವತಃ ವರ್ತಕರಾಗಿದ್ದವರು. ಮದೀನೆಯಲ್ಲಿ ಬೆಲೆ ಏರಿದಾಗ ಜನರು ದರ ಕಟ್ಟಿಕೊಡಿರೆಂದು ಬೇಡಿದರು. ಅವರು ಒಪ್ಪಲಿಲ್ಲ, ಯಾರ ಸ್ವತ್ತಿಗೂ ಅನ್ಯಾಯ ಮಾಡಿದ ಹೊರೆ ತಮಗೆ ಬೇಡವೆಂದರು. ಅದೇ ಪೈಗಂಬರರು ಬೆಲೆ ಏರಲೆಂದು ಧಾನ್ಯವನ್ನು ಕೂಡಿಡುವವನನ್ನು ಪಾಪಿಯೆಂದು ಕರೆದರು. ಇವೆರಡೂ ಪರಸ್ಪರ ವಿರುದ್ಧವಲ್ಲವೆ ಎನ್ನಬಹುದು. ವಿರೋಧವಿಲ್ಲ. ಮಳೆ ಹೋಗಿ ಬಂದ ತುಟ್ಟಿ ಬೇರೆ, ಕದ ಮುಚ್ಚಿ ಹುಟ್ಟಿಸಿದ ತುಟ್ಟಿ ಬೇರೆ. ಮೊದಲನೆಯದು ಮಾರುವವನ ತಪ್ಪಲ್ಲ, ಎರಡನೆಯದು ಅವನದೇ. ಈ ಭೇದವನ್ನು ಹಿಡಿದೇ ಇಬ್ನ್ ತೈಮಿಯಾ (1263–1328) ಎಂಬ ಪಂಡಿತರು, ಜನರು ಕಷ್ಟದಲ್ಲಿರುವಾಗ ವರ್ತಕನು ಸರಕನ್ನು ತಡೆದರೆ ಅಧಿಕಾರಿಯು ನ್ಯಾಯವಾದ ಬೆಲೆಯನ್ನು ಕಟ್ಟಬಹುದೆಂದರು.

ಸಾಂಕ್ರಾಮಿಕದ ಅನುಭವವೂ ಆ ಚರಿತ್ರೆಗೆ ಹೊಸದಲ್ಲ. ಸಿರಿಯಾದತ್ತ ಹೊರಟಿದ್ದ ಖಲೀಫ ಉಮರರು ಅಲ್ಲಿ ಮಾರಿ ಬಿದ್ದಿರುವುದನ್ನು ಕೇಳಿ ದಾರಿಯಿಂದಲೇ ಹಿಂದಿರುಗಿದರು. ದೈವಸಂಕಲ್ಪದಿಂದ ಓಡುವಿರಾ ಎಂದು ಸೇನಾಪತಿ ಅಬೂ ಉಬೈದಾ ಕೇಳಿದಾಗ, ಒಂದು ಸಂಕಲ್ಪದಿಂದ ಇನ್ನೊಂದು ಸಂಕಲ್ಪಕ್ಕೆ ಹೋಗುತ್ತಿದ್ದೇನೆ ಎಂದುತ್ತರಿಸಿದರಂತೆ. 639ರ ಸುಮಾರಿನ ಆ ಮಾರಿಯಲ್ಲಿ ಅಬೂ ಉಬೈದಾ ತೀರಿಕೊಂಡರು. ಬಳಿಕ ಅಮ್ರ್ ಇಬ್ನ್ ಆಸ್ ಜನರನ್ನು ಬೆಟ್ಟಗಳಿಗೆ ಚದುರಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ನಮ್ಮ ಹಿರಿಯರ ಜೋಪಡಿಗೂ ಇದಕ್ಕೂ ಎಷ್ಟು ಹೋಲಿಕೆ!

ಕೂಡಿಡಬಾರದ ಸರಕು ಅನ್ನವೊಂದೇ ಏನು? ಹನಫಿ ಪಂಥದ ಅಬೂ ಯೂಸುಫರು (ಮರಣ 798) ಯಾವುದನ್ನು ತಡೆದರೆ ಜನಕ್ಕೆ ಕೇಡೋ ಅದೆಲ್ಲವೂ ಸೇರಿತೆಂದರು. 2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ಈ ಮಾತಿನ ಬೆಲೆ ಕಂಡಿತು. ಮಾಸ್ಕು, ಸ್ಯಾನಿಟೈಸರುಗಳನ್ನು ಭಾರತ ಸರ್ಕಾರ ಅವಶ್ಯಕ ವಸ್ತುಗಳ ಸಾಲಿಗೆ ಸೇರಿಸಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿಲೀಟರು ಸ್ಯಾನಿಟೈಸರಿಗೆ 100 ರೂಪಾಯಿ ಮಿತಿ ಹಾಕಿತು.

ಸರ್ಕಾರದ ಆಜ್ಞೆ ಬರುವುದಕ್ಕೆ ದಿನಗಳು ಬೇಕು. ರೋಗಿಯ ಮನೆಯ ಮಗು ಕಾಸು ಹಿಡಿದು ಅಂಗಡಿಗೆ ಬರುವುದು ಅದಕ್ಕೂ ಮುಂಚೆ. ಆಗ ಮಗುವಿಗೆ ದಿಕ್ಕಾಗುವುದು ಅಂಗಡಿಯವನ ಧರ್ಮ ಮಾತ್ರ.